ಐಐಎಸ್‌ಸಿ ಓಪನ್ ಡೇಗೆ ಮಕ್ಕಳ ಜೊತೆ ಹೋಗುವವರಿಗೆ

ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ), ವರ್ಷಕ್ಕೊಂದು ದಿನ ತನ್ನ ಲ್ಯಾಬ್‌ಗಳನ್ನು ಎಲ್ಲರಿಗೂ ತೆರೆದಿಡುತ್ತದೆ. ಸಾಮಾನ್ಯವಾಗಿ ಫೆಬ್ರುವರಿ ಅಥವಾ ಮಾರ್ಚ್‌ನ ಒಂದು ಶನಿವಾರ. ಟಿಕೆಟ್ ಇಲ್ಲ. ಕಾರು ಬೇಡ, ಬಸ್ಸೋ ಆಟೋನೋ ಹಿಡಿಯಿರಿ. ಕ್ಯಾಂಪಸ್ಸೇ ಸುಮಾರು 400 ಎಕರೆ, ನಡೆಯೋದು ಜಾಸ್ತಿ. ಹಾಗಾಗಿ ಶೂ, ನೀರಿನ ಬಾಟಲಿ, ಟೋಪಿ.

ಎಲ್ಲಾ ನೋಡಿಬಿಡೋಣ ಅಂತ ಮಾತ್ರ ಹೊರಡಬೇಡಿ. ಮೊದಲ ಸಲ ನಾನು ಹಾಗೆ ಓಡಾಡಿಸಿ, ಮಧ್ಯಾಹ್ನದ ಹೊತ್ತಿಗೆ ಮಗಳು ಮರದ ಕೆಳಗೆ ಕೂತು "ಮನೆಗೆ ಹೋಗೋಣಪ್ಪಾ" ಅಂತ ಅತ್ತಳು. ನಾಲ್ಕೇ ಆರಿಸಿಕೊಳ್ಳಿ. ಕ್ಯೂ ಉದ್ದ ಇರುವುದನ್ನು ಬೆಳಿಗ್ಗೆಯೇ ಮುಗಿಸಿ.

ದ್ರವ ನೈಟ್ರೋಜನ್ ಎಲ್ಲಿ ತೋರಿಸಿದರೂ ತಪ್ಪಿಸಬೇಡಿ. ಮೈನಸ್ 196 ಡಿಗ್ರಿ. ಅದರಲ್ಲಿ ಗುಲಾಬಿ ಅದ್ದಿ ತೆಗೆದು ಮೇಜಿಗೆ ತಟ್ಟಿದರು, ಎಸಳೆಲ್ಲ ಹಪ್ಪಳದ ಹಾಗೆ ಪುಡಿಪುಡಿ! ಮಗಳಿಗಿಂತ ನಾನೇ ಜಾಸ್ತಿ ಬಾಯಿಬಿಟ್ಟೆ. ಹೈವೋಲ್ಟೇಜ್ ಲ್ಯಾಬ್‌ನಲ್ಲಿ ಕೃತಕ ಮಿಂಚು ಹೊಡೆಸುವಾಗ ಚಿಕ್ಕವರ ಕಿವಿ ಮುಚ್ಚಿ.

ಪೋಸ್ಟರ್ ಪಕ್ಕ ನಿಂತ ವಿದ್ಯಾರ್ಥಿಗಳನ್ನು ಸುಮ್ನೆ ದಾಟಿ ಹೋಗಬೇಡಿ. "ಕನ್ನಡದಲ್ಲಿ ಹೇಳ್ತೀರಾ?" ಅಂತ ಕೇಳಿ. ಅವರಿಗೆ ಬರದಿದ್ದರೆ ಪಕ್ಕದವರನ್ನು ಕರೆಯುತ್ತಾರೆ.