ಮುತ್ಯಾ ಕೌನ್ಸಿಲ್ ಮೆಂಬರ್ ಆಗಿದ್ದ ಅಂತಾರಲ್ಲ, ಅದನ್ನ ಹುಡುಕೂದು ಹೆಂಗ?

ಒಕ್ಕಲುತನ ಮಾಡ್ತಿದ್ದ ಮುತ್ಯಾ ಬ್ರಿಟಿಷರ ಕಾಲದಾಗ ಮುಂಬೈ ಕೌನ್ಸಿಲ್‌ಗೆ (ಆಗಿನ ಶಾಸನಸಭಾಕ್ಕ) ಹೋಗಿದ್ದ ಅಂತ ಮನ್ಯಾಗ ಹೇಳ್ತಿದ್ರ ಮೊದ್ಲ ಊರು ನೋಡ್ರಿ. ಬೆಳಗಾವಿ, ವಿಜಾಪುರ ಜಿಲ್ಲಾ ಆಗ ಮುಂಬೈ ಪ್ರಾಂತ್ಯದಾಗ ಇದ್ವು, ಬಾಗಲಕೋಟಿ ಅಂತೂ 1997ರ ತನಕ ವಿಜಾಪುರ ಜಿಲ್ಲಾದಾಗನ ಇತ್ತು, ಹಿಂಗಾಗಿ ಹಳೇ ಕಾಗದದಾಗ ಬಾಗಲಕೋಟಿ ಜಿಲ್ಲಾ ಅಂತ ಹುಡುಕಿದ್ರ ಏನೂ ಸಿಗಂಗಿಲ್ಲ. ಇನ್ನ ನಿಮ್ಮೂರು ಜಮಖಂಡಿ, ಮುಧೋಳ, ರಾಮದುರ್ಗ ಸಂಸ್ಥಾನದಾಗ ಇತ್ತಂದ್ರ ಅಲ್ಲಿ ರಾಜರ ಆಡಳಿತ, ಅದು ಮುಂಬೈ ಕೌನ್ಸಿಲ್‌ಗೆ ಸೇರಿರಲಿಲ್ಲ, ಕತಿನ ಬ್ಯಾರೆ (ಇದು ಗೊತ್ತಿಲ್ದ ನಾ ಎರಡು ತಿಂಗಳು ಹಾಳು ಮಾಡ್ಕೊಂಡೆ).

ಆಮ್ಯಾಲೆ ಇಸವಿ. 1937ರಾಗ 175 ಸೀಟಿನ ಅಸೆಂಬ್ಲಿ ಬಂತು, ಕೌನ್ಸಿಲ್ ಮೇಲ್ಮನಿ ಆತು; ಅದಕ್ಕೂ ಮೊದ್ಲ ಕೌನ್ಸಿಲ್ ಒಂದ ಇತ್ತು. ಅದಕ್ಕ ಕಾಗದದಾಗ ಎಂಎಲ್‌ಸಿ (ಕೌನ್ಸಿಲ್ ಮೆಂಬರ್) ಅಂತ ಇದ್ರ ಅದು 1937ರ ಮೊದಲಿಂದೋ ಆಮ್ಯಾಲಿಂದೋ ಅಂತ ನೋಡ್ರಿ.

ಹಳ್ಳ್ಯಾಗ ವೋಟು ಕಂದಾಯದ ಮ್ಯಾಲೆ ಸಿಗ್ತಿತ್ತು, ಎಲ್ಲಾರಿಗೂ ಇರಲಿಲ್ಲ. ಅದಕ್ಕ ಮುತ್ಯಾನ ಹೆಸರಿಲೆ ಹೊಲ, ಕಂದಾಯ ಎಷ್ಟಿತ್ತು ಅಂತ ತಿಳ್ಯಾಕ ಹಳೇ ಉತಾರ (ಹೊಲದ ಪಹಣಿ) ತಗಸ್ರಿ, ಮೋಡಿ ಲಿಪ್ಯಾಗ (ಮರಾಠಿಯ ಹಳೇ ಕೂಡಬರಹ) ಇದ್ರ ಓದಾಕ ಬರೋ ಹಿರ್ಯಾರನ್ನ ಹಿಡೀರಿ.

ಮುತ್ಯಾ ಮಾಡಿದ ಭಾಷಣ ಬೇಕಂದ್ರ ಕೌನ್ಸಿಲ್ ಡಿಬೇಟ್ಸ್ (ಸಭಾದ ಚರ್ಚೆ ಅಚ್ಚು ಹಾಕಿದ ಪುಸ್ತಕ) ಸಂಪುಟ ತಗದು ಹೆಸರಿನ ಇಂಡೆಕ್ಸ್ ನೋಡ್ರಿ. ಪಾಟೀಲ, ದೇಸಾಯಿ ಅಂತ ಬರೇ ಅಡ್ಡಹೆಸರು ನೋಡಿ ಕುಣಿಬ್ಯಾಡ್ರಿ, ತಂದಿ ಹೆಸರು, ಊರು ಎರಡೂ ಕೂಡಬೇಕು.