ಅಮೆರಿಕದಲ್ಲಿ ಬಾಡಿಗೆ ಮನೆ, ತುಮಕೂರಿನಲ್ಲಿ ವಾಸ: ಅವಧಿ ಮುಗಿದ ಐಟಿನ್ ನವೀಕರಿಸುವ ಬಗೆ

ಹತ್ತು ಹದಿನೈದು ವರ್ಷ ಅಮೆರಿಕದಲ್ಲಿ ದುಡಿದು, ಅಲ್ಲೊಂದು ಮನೆ ಕೊಂಡು, ಈಗ ತುಮಕೂರಿಗೋ ಕೋಲಾರಕ್ಕೋ ಚಿಕ್ಕಬಳ್ಳಾಪುರಕ್ಕೋ ಮರಳಿರುವ ಕುಟುಂಬಗಳಿವೆ. ಅಲ್ಲಿನ ಮನೆಯನ್ನು ಮಾರದೆ ಏರ್‌ಬಿಎನ್‌ಬಿಯಲ್ಲೋ ಏಜೆಂಟರ ಮೂಲಕವೋ ಬಾಡಿಗೆಗೆ ಬಿಟ್ಟಿರುತ್ತಾರೆ. ಸಾಮಾನ್ಯವಾಗಿ ಕೆಲಸದಲ್ಲಿದ್ದ ಗಂಡನ ಬಳಿ ಸೋಶಿಯಲ್ ಸೆಕ್ಯುರಿಟಿ ನಂಬರ್ ಇರುತ್ತದೆ, ಅದಕ್ಕೆ ಅವಧಿ ಎಂಬುದಿಲ್ಲ. ಅವಲಂಬಿತರ ಎಚ್-4 ವೀಸಾದಲ್ಲಿದ್ದ ಹೆಂಡತಿಯ ಬಳಿ ಇರುವುದು ಐಟಿಐಎನ್, ಎಲ್ಲರ ಬಾಯಲ್ಲಿ ಐಟಿನ್: ಸೋಶಿಯಲ್ ಸೆಕ್ಯುರಿಟಿ ನಂಬರ್ ಸಿಗದವರಿಗೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಕೊಡುವ ತೆರಿಗೆ ನಂಬರ್. 9ರಿಂದ ಶುರುವಾಗುವ ಒಂಬತ್ತು ಅಂಕಿಯ ಈ ನಂಬರಿಗೆ ಅವಧಿ ಇದೆ. ಮನೆ ಇಬ್ಬರ ಹೆಸರಿನಲ್ಲಿದ್ದರೆ ತೊಡಕು ಇಲ್ಲಿಂದಲೇ ಶುರು.

ಲೆಕ್ಕ ಹೀಗಿದೆ. ಸತತ ಮೂರು ತೆರಿಗೆ ವರ್ಷಗಳಲ್ಲಿ ಒಮ್ಮೆಯೂ ಅಮೆರಿಕದ ಫೆಡರಲ್ ರಿಟರ್ನ್‌ನಲ್ಲಿ ಬಳಕೆಯಾಗದ ಐಟಿನ್, ಮೂರನೆಯ ವರ್ಷದ ಬಳಿಕ ಬರುವ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. 2022, 2023, 2024ರ ಯಾವ ರಿಟರ್ನ್‌ನಲ್ಲೂ ಕಾಣಿಸದ ನಂಬರಿನ ಕೊನೆಯ ದಿನ 2025ರ ಡಿಸೆಂಬರ್ 31. 2013ಕ್ಕಿಂತ ಮುಂಚೆ ಸಿಕ್ಕಿದ ನಂಬರುಗಳಾದರೆ 2020ರೊಳಗೆ ಹಂತಹಂತವಾಗಿ ಮುಗಿದಿವೆ. ನಡುವೆ ನವೀಕರಿಸದಿದ್ದರೆ ಅವು ಈಗ ಊರ್ಜಿತವಲ್ಲ. ಊರಿಗೆ ಬಂದ ಮೇಲೆ “ಬಾಡಿಗೆಯಲ್ಲಿ ಏನೂ ಉಳಿಯುತ್ತಿಲ್ಲ, ರಿಟರ್ನ್ ಯಾಕೆ” ಎಂದು ಸುಮ್ಮನಾದವರ ಐಟಿನ್ ಹೀಗೇ ಮುಗಿದುಹೋಗಿರುತ್ತದೆ. 2013ಕ್ಕಿಂತ ಮುಂಚಿನ ನಂಬರುಗಳನ್ನು ಬಿಟ್ಟರೆ, ಪ್ರತಿ ವರ್ಷ ರಿಟರ್ನ್ ಹಾಕುತ್ತ ಬಂದವರಿಗೆ ನವೀಕರಣದ ಮಾತೇ ಬರುವುದಿಲ್ಲ.

ಮೊದಲು, ನಿಮಗೆ ಇದು ಬೇಕೇ ನೋಡಿಕೊಳ್ಳಿ

ಎಚ್-4ನಲ್ಲಿದ್ದವರಿಗೆ 2015ರ ನಂತರ ಕೆಲಸದ ಪರವಾನಗಿ ಸಿಗತೊಡಗಿತು. ಅದನ್ನು ಪಡೆದಿದ್ದವರಿಗೆ ಸೋಶಿಯಲ್ ಸೆಕ್ಯುರಿಟಿ ನಂಬರೂ ಬಂದಿರುತ್ತದೆ. ಒಂದೇ ದಿನ ಕೆಲಸ ಮಾಡಿರಲಿ, ಮಾಡದೇ ಇರಲಿ, ಆ ನಂಬರ್ ಬದುಕಿರುವವರೆಗೆ ನಿಮ್ಮದು. ಅಂಥವರು ಐಟಿನ್ ನವೀಕರಿಸಲೇಬಾರದು. ಹಳೆಯ ಐಟಿನ್ ಕಡತವನ್ನು ಹೊಸ ನಂಬರಿಗೆ ಸೇರಿಸಿ ಎಂದು ಐಆರ್‌ಎಸ್‌ಗೆ ಪತ್ರ ಬರೆಯಬೇಕು. ಬೀರುವಿನಲ್ಲಿ ಹಳೆಯ ಕಾಗದಗಳ ನಡುವೆ ಆ ನೀಲಿ ಬಿಳಿ ಕಾರ್ಡ್ ಇದೆಯೇ ಎಂದು ಒಂದು ಸಲ ಹುಡುಕಿ ನೋಡಿ, ಮೂರು ತಿಂಗಳ ಓಡಾಟ ಉಳಿದರೂ ಉಳಿಯಬಹುದು.

ಬೇರೆಯವರು ಐಆರ್‌ಎಸ್‌ಗೆ ಕಳಿಸುವ ವರದಿಗಳಲ್ಲಿ ಮಾತ್ರ ನಿಮ್ಮ ಐಟಿನ್ ಬರುತ್ತಿದ್ದರೆ ನವೀಕರಣ ಬೇಕಿಲ್ಲ. ಆದರೆ ಬಾಡಿಗೆ ಆದಾಯ ಇರುವವರು ಇದನ್ನು ನೆಪ ಮಾಡಿಕೊಂಡು ಕೂರಬಾರದು. ಕಾರಣ ಹಣದ್ದು.

ಅಮೆರಿಕದ ನಿವಾಸಿಗಳಲ್ಲದವರ ಬಾಡಿಗೆಗೆ ಅಲ್ಲಿನ ಸಾಮಾನ್ಯ ನಿಯಮ, ಒಟ್ಟು ಬಾಡಿಗೆಯ ಮೇಲೆ ಶೇ. 30 ತೆರಿಗೆ. ಖರ್ಚು ಕಳೆಯುವಂತಿಲ್ಲ. ಉದಾಹರಣೆಗೆ, ಒಂದು ತಿಂಗಳಿಗೂ ಹೆಚ್ಚು ಉಳಿಯುವವರಿಗೆ ಕೊಡುವ ಮನೆಯಿಂದ ತಿಂಗಳಿಗೆ 2,000 ಡಾಲರ್ ಬರುತ್ತದೆ ಎನ್ನಿ. ವರ್ಷಕ್ಕೆ 24,000, ತೆರಿಗೆ 7,200. ಅದೇ ಮನೆಯನ್ನು ನಿವ್ವಳ ಲೆಕ್ಕಕ್ಕೆ ತಂದರೆ? ಆಸ್ತಿ ತೆರಿಗೆ 5,000, ವಿಮೆ 2,000, ನೋಡಿಕೊಳ್ಳುವವರ ಶುಲ್ಕ 2,400, ಸಾಲದ ಬಡ್ಡಿ 6,000, ರಿಪೇರಿ 1,600 ಎಂದರೆ 17,000 ಕಳೆಯಿತು. ಉಳಿದದ್ದು 7,000. ಜಾಗದ ಬೆಲೆ ಬಿಟ್ಟು ಕಟ್ಟಡಕ್ಕೇ 2,20,000 ಬಿದ್ದಿದ್ದರೆ 27.5 ವರ್ಷಕ್ಕೆ ಹಂಚಿ ವರ್ಷಕ್ಕೆ 8,000 ಸವಕಳಿ. ಕೊನೆಗೆ 1,000 ಡಾಲರ್ ನಷ್ಟ, ತೆರಿಗೆ ಸೊನ್ನೆ. ಪ್ರವಾಸಿಗರಿಗೆ ದಿನಬಾಡಿಗೆಗೆ ಬಿಡುವ ಮನೆಗೆ ಸವಕಳಿಯ ಅವಧಿ 39 ವರ್ಷ, ಹಾಗಾಗಿ ಕಳೆಯುವ ಮೊತ್ತ ಕಡಿಮೆ. ಆದರೂ 7,200 ಎಲ್ಲಿ, ಅದೆಲ್ಲಿ.

ಈ ನಿವ್ವಳ ಲೆಕ್ಕ ಬೇಕಾದರೆ ಅನಿವಾಸಿಗಳಿಗಿರುವ 1040-ಎನ್‌ಆರ್ ರಿಟರ್ನ್ ಹಾಕಲೇಬೇಕು, ರಿಟರ್ನ್‌ಗೆ ಊರ್ಜಿತ ಐಟಿನ್ ಬೇಕು. ನವೀಕರಣದ ಅರ್ಜಿ ಈ ರಿಟರ್ನ್‌ನ ಬೆನ್ನಿಗೇ ಹೋಗುತ್ತದೆ. ವಿನಾಯಿತಿಗಳಿಗೆ ಒಳಪಡದವರು ಬರೀ ಅರ್ಜಿಯನ್ನು ಕಳಿಸಿದರೆ ಅದು ನಿಲ್ಲುವುದಿಲ್ಲ.

ರಿಟರ್ನ್

ಗಂಡ ಹೆಂಡತಿ ಇಬ್ಬರೂ ಈಗ ಅಲ್ಲಿನ ನಿವಾಸಿಗಳಲ್ಲ ಎಂದ ಮೇಲೆ ಹಿಂದಿನಂತೆ ಜಂಟಿ ರಿಟರ್ನ್ ಹಾಕುವಂತಿಲ್ಲ. ಒಬ್ಬೊಬ್ಬರದೂ ಬೇರೆ ಬೇರೆ 1040-ಎನ್‌ಆರ್. ಮನೆ ಅರ್ಧರ್ಧ ಪಾಲಿನದಾದರೆ ಬಾಡಿಗೆಯೂ ಖರ್ಚೂ ಇಬ್ಬರ ಶೆಡ್ಯೂಲ್ ಇಯಲ್ಲಿ (ರಿಟರ್ನ್‌ನ ಬಾಡಿಗೆ ಆದಾಯದ ಪುಟ) ಅರ್ಧರ್ಧ. ಎಲ್ಲವನ್ನೂ ಗಂಡನ ರಿಟರ್ನ್‌ನಲ್ಲೇ ತೋರಿಸಿ ಹೆಂಡತಿಯ ಐಟಿನ್ ಗೊಡವೆಯೇ ಬೇಡ ಎನ್ನುವವರಿದ್ದಾರೆ. ಮನೆಯ ಪತ್ರದಲ್ಲಿ ಎರಡು ಹೆಸರಿರುವಾಗ ಅದು ತಪ್ಪು, ಮುಂದೆ ಮನೆ ಮಾರುವಾಗ ಎದುರಾಗುತ್ತದೆ.

ನಿವ್ವಳ ಲೆಕ್ಕದ ಆಯ್ಕೆಯನ್ನು ಮೊದಲ ಸಲ ಮಾಡುವವರು ಸೆಕ್ಷನ್ 871(ಡಿ) ಅಡಿಯಲ್ಲಿ ಒಂದು ಹೇಳಿಕೆ ಲಗತ್ತಿಸಬೇಕು. ಅಮೆರಿಕದಲ್ಲಿರುವ ಎಲ್ಲ ಸ್ಥಿರಾಸ್ತಿ, ಅದು ಇರುವ ಜಾಗ, ನಿಮ್ಮ ಪಾಲು, ಮಾಲೀಕತ್ವ ಯಾವ ದಿನದಿಂದ, ದೊಡ್ಡ ಸುಧಾರಣೆ ಕೆಲಸಗಳು, ಬಂದ ಆದಾಯ, ಹಿಂದೆ ಈ ಆಯ್ಕೆ ಮಾಡಿದ್ದರೆ ಅದರ ವಿವರ, ಇಷ್ಟು ಒಂದು ಪುಟದಲ್ಲಿ ಬರಬೇಕು. ಒಮ್ಮೆ ಕೊಟ್ಟರೆ ನೀವಾಗಿ ಹಿಂಪಡೆಯುವವರೆಗೆ ಮುಂದಿನ ವರ್ಷಗಳಿಗೂ ಅದೇ ನಡೆಯುತ್ತದೆ.

ಅಲ್ಲಿ ಸಂಬಳ ಇಲ್ಲದವರಿಗೆ ಗಡುವು ಜೂನ್ 15. ಅದರೊಳಗೆ ಫಾರ್ಮ್ 4868 ಕೊಟ್ಟರೆ ಡಿಸೆಂಬರ್ 15ರವರೆಗೆ ಸಮಯ. ಇದಕ್ಕಿಂತ ಕಠಿಣವಾದ ಗಡುವು ಇನ್ನೊಂದಿದೆ: ಮೂಲ ಗಡುವು ದಾಟಿ 16 ತಿಂಗಳೊಳಗೂ ರಿಟರ್ನ್ ಹೋಗದಿದ್ದರೆ ಖರ್ಚು ಕಳೆಯುವ ಹಕ್ಕೇ ಹೋಗಬಹುದು. ಆಗ 24,000ಕ್ಕೂ ತೆರಿಗೆ. ಬಾಕಿ ವರ್ಷಗಳಿದ್ದರೆ ಈ 16 ತಿಂಗಳ ಒಳಗಿರುವ ವರ್ಷವನ್ನು ಮೊದಲು ಸಿದ್ಧಮಾಡಿ. ಹಲವು ವರ್ಷಗಳ ರಿಟರ್ನ್‌ಗಳನ್ನು ಬೇರೆ ಬೇರೆ ಪಿನ್ ಹೊಡೆದು ಒಂದೇ ಲಕೋಟೆಯಲ್ಲಿ ಕಳಿಸಬಹುದು. ರಿಟರ್ನ್‌ನಲ್ಲಿ ಹಳೆಯ ಐಟಿನ್ ಅನ್ನೇ ಬರೆಯಿರಿ. ನವೀಕರಣದಿಂದ ನಂಬರ್ ಬದಲಾಗುವುದಿಲ್ಲ.

ಫಾರ್ಮ್ ಡಬ್ಲ್ಯೂ-7

ನವೀಕರಣದ ಅರ್ಜಿ ಇದೇ. ಒಂದೇ ಪುಟ, ಶುಲ್ಕವಿಲ್ಲ. ಆದರೂ ಹಿಂದಿರುಗಿ ಬರುವ ಅರ್ಜಿಗಳು ಎಡವುವುದು ಈ ಪುಟದಲ್ಲೇ. ಐಆರ್‌ಎಸ್ ಜಾಲತಾಣದಿಂದ ಇತ್ತೀಚಿನ ಆವೃತ್ತಿಯನ್ನೇ ಇಳಿಸಿಕೊಳ್ಳಿ.

ಮೇಲ್ಗಡೆ ಎರಡು ಚೌಕಗಳಲ್ಲಿ ನವೀಕರಣದ್ದನ್ನು ಗುರುತು ಮಾಡಿ. ಅದರ ಕೆಳಗೆ ಎ-ಯಿಂದ ಎಚ್-ವರೆಗೆ ಕಾರಣಗಳು. ಹಿಂದೆ ನಂಬರ್ ಪಡೆದಾಗ ಪತ್ನಿ ಎಂಬ ಕಾರಣಕ್ಕೆ ಇ ಅಥವಾ ಜಿ ಗುರುತು ಮಾಡಿರುತ್ತೀರಿ. ಹಳೆಯ ಪ್ರತಿ ನೋಡಿಕೊಂಡು ಅದನ್ನೇ ಮತ್ತೆ ಹಾಕುವುದು ಸಾಮಾನ್ಯ ತಪ್ಪು. ಈಗ ನೀವು ಸ್ವಂತ ಬಾಡಿಗೆಗೆ ಸ್ವಂತ ರಿಟರ್ನ್ ಹಾಕುತ್ತಿರುವ ಅನಿವಾಸಿ, ಆದ್ದರಿಂದ ಗುರುತು ಬೀಳಬೇಕಾದದ್ದು ಬಿ-ಗೆ. ಲಗತ್ತಿಸಿದ 1040-ಎನ್‌ಆರ್‌ಗೂ ಕಾರಣಕ್ಕೂ ತಾಳೆಯಾಗದಿದ್ದರೆ ಅರ್ಜಿ ನಿಲ್ಲುತ್ತದೆ.

1ನೇ ಸಾಲು, ಹೆಸರು. ನಮ್ಮ ಕಡೆಯವರಿಗೆ ಇದೇ ದೊಡ್ಡ ಮುಳ್ಳು. ಸರ್‌ನೇಮ್ ಎಂಬುದು ನಮ್ಮಲ್ಲಿ ಇರುವುದೇ ಅಪರೂಪ. ಅಪ್ಪನ ಹೆಸರಿನ ಇನಿಷಿಯಲ್ ಇಟ್ಟುಕೊಂಡು ಬದುಕುವವರು ನಾವು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದ್ದವರಿಗೆ ವೀಸಾದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್) ಎಂಬ ಮೂರು ಅಕ್ಷರ ಸೇರಿರುತ್ತದೆ. ಐಟಿನ್ ಪತ್ರದಲ್ಲೂ ಅದೇ ಇದ್ದೀತು. ಊರಿಗೆ ಬಂದ ಮೇಲೆ ಪಾಸ್‌ಪೋರ್ಟ್ ನವೀಕರಿಸುವಾಗ ಇನಿಷಿಯಲ್ ಬಿಡಿಸಿ ಬರೆಸಿದ್ದರೆ ಅಲ್ಲಿಗೆ ಮೂರು ಹೆಸರಾಯಿತು. ದಾರಿ ಒಂದೇ: 1ನೇ ಸಾಲಿನಲ್ಲಿ ಈಗಿನ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆ, 6ಎಫ್ ಸಾಲಿನಲ್ಲಿ ಹಳೆಯ ಐಟಿನ್ ಪತ್ರದಲ್ಲಿ ಹೇಗಿದೆಯೋ ಹಾಗೆ. ಮದುವೆಯಿಂದಲೋ ಗೆಜೆಟ್ಟಿನಿಂದಲೋ ಹೆಸರು ಬದಲಾಗಿದ್ದರೆ ಆ ದಾಖಲೆ ಜೊತೆಗಿರಲಿ.

3ನೇ ಸಾಲಿಗೆ ಇಲ್ಲಿನ ಮನೆ ವಿಳಾಸ: ಬಾಗಿಲು ಸಂಖ್ಯೆ, ಕ್ರಾಸ್, ಬಡಾವಣೆ, ಊರು, ಪಿನ್‌ಕೋಡ್, ದೇಶದ ಪೂರ್ಣ ಹೆಸರು. 2ನೇ ಸಾಲು ಅಂಚೆ ವಿಳಾಸ. ಪತ್ರಗಳೂ, ಕಳಿಸಿದ್ದರೆ ಮೂಲ ದಾಖಲೆಗಳೂ ಅಲ್ಲಿಗೇ ಹೋಗುತ್ತವೆ. 4ನೇ ಸಾಲಿನಲ್ಲಿ ಹುಟ್ಟಿದ ದಿನವನ್ನು ತಿಂಗಳು ಮೊದಲು, ದಿನ ಆಮೇಲೆ ಬರೆಯಬೇಕು. ಜುಲೈ 5 ಎಂಬುದು ನಮ್ಮ ರೂಢಿಯಲ್ಲಿ 05/07 ಆದರೆ ಅವರಿಗೆ ಅದು ಮೇ 7. ಹುಟ್ಟಿದ ಊರು ಬರೆಯುವುದಾದರೆ ಪಾಸ್‌ಪೋರ್ಟಿನ ಕಾಗುಣಿತದಂತೆಯೇ ಬರೆಯಿರಿ. 2014ಕ್ಕೆ ಮುಂಚಿನ ಪಾಸ್‌ಪೋರ್ಟುಗಳಲ್ಲಿ ತುಮಕೂರಿನ ಹೆಸರು ಹಳೆಯ ಇಂಗ್ಲಿಷ್ ರೂಪದಲ್ಲಿದೆ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಮೊದಲು ಹುಟ್ಟಿದವರ ದಾಖಲೆಗಳಲ್ಲಿ ಜಿಲ್ಲೆ ಕೋಲಾರ ಎಂದೇ ಇರುತ್ತದೆ. ತಿದ್ದಲು ಹೋಗಬೇಡಿ.

6ಬಿ-ಯಲ್ಲಿ ಪ್ಯಾನ್ ನಂಬರ್. 6ಡಿ-ಯಲ್ಲಿ ಪಾಸ್‌ಪೋರ್ಟ್ ವಿವರ. 6ಇ-ಯಲ್ಲಿ ಹಿಂದೆ ನಂಬರ್ ಇತ್ತೇ ಎಂಬುದಕ್ಕೆ ಹೌದು. ಅನ್ವಯಿಸದ ಜಾಗಗಳಲ್ಲಿ ಎನ್/ಎ ಎಂದು ಬರೆಯಿರಿ, ಖಾಲಿ ಬಿಡಬೇಡಿ. ಸಹಿ ಅರ್ಜಿದಾರರದ್ದೇ, ಪೆನ್ನಿನಲ್ಲಿ.

ಪಾಸ್‌ಪೋರ್ಟ್ ತೋರಿಸುವ ದಾರಿಗಳು

ಗುರುತು ಮತ್ತು ವಿದೇಶಿ ಪೌರತ್ವ ಎರಡನ್ನೂ ಒಂಟಿಯಾಗಿ ಸಾಬೀತು ಮಾಡುವ ದಾಖಲೆ ಪಾಸ್‌ಪೋರ್ಟ್ ಮಾತ್ರ, ಅದೂ ಅವಧಿ ಇರುವಂಥದ್ದು. ಮುಗಿದಿದ್ದರೆ ಮೊದಲು ಅದನ್ನು ನವೀಕರಿಸಿ. ಆಧಾರ್ ನೆಚ್ಚಿಕೊಳ್ಳಬೇಡಿ: ರಾಷ್ಟ್ರೀಯ ಗುರುತಿನ ಚೀಟಿಯಲ್ಲಿ ಮುಕ್ತಾಯದ ದಿನಾಂಕ ಇರಬೇಕೆಂದು ಐಆರ್‌ಎಸ್ ಕೇಳುತ್ತದೆ, ಆಧಾರ್‌ನಲ್ಲಿ ಅದಿಲ್ಲ.

ಕೋರ್ಟ್ ಮುಂದೆ ಕೂರುವ ನೋಟರಿಯಿಂದ ಸೀಲು ಹಾಕಿಸಿದ ಜೆರಾಕ್ಸ್ ನಡೆಯುವುದಿಲ್ಲ. ಎಷ್ಟು ಸೀಲು ಇದ್ದರೂ ಅಷ್ಟೆ. ಮೂಲ ದಾಖಲೆ ಬೇಕು, ಇಲ್ಲವೇ ಅದನ್ನು ಕೊಟ್ಟ ಇಲಾಖೆಯೇ ದೃಢೀಕರಿಸಿದ ಪ್ರತಿ.

ನಮ್ಮ ಸಲಹೆ, ಸರ್ಟಿಫೈಡ್ ಅಕ್ಸೆಪ್ಟೆನ್ಸ್ ಏಜೆಂಟ್. ಐಆರ್‌ಎಸ್ ಮಾನ್ಯತೆ ಪಡೆದ ಲೆಕ್ಕಪರಿಶೋಧಕರು ಅಥವಾ ಸಂಸ್ಥೆಗಳು ಇವು; ದೇಶವಾರು ಪಟ್ಟಿ ಐಆರ್‌ಎಸ್ ಜಾಲತಾಣದಲ್ಲಿದೆ, ಭಾರತದ ಪಟ್ಟಿಯಲ್ಲಿ ಹತ್ತಿರದವರನ್ನು ಹುಡುಕಿ. ಅವರು ಮೂಲ ಪಾಸ್‌ಪೋರ್ಟ್ ಪರಿಶೀಲಿಸಿ ನಿಖರತೆಯ ಪ್ರಮಾಣಪತ್ರ ಲಗತ್ತಿಸುತ್ತಾರೆ, ಪಾಸ್‌ಪೋರ್ಟ್ ನಿಮ್ಮ ಕೈಗೆ ವಾಪಸ್. ಅವರ ಶುಲ್ಕ ಬೇರೆ, ಮೊದಲೇ ಕೇಳಿಕೊಳ್ಳಿ. “ಏಜೆಂಟ್” ಎಂದು ಬೋರ್ಡ್ ಹಾಕಿಕೊಂಡ ಎಲ್ಲರೂ ಇದನ್ನು ಮಾಡಲಾರರು. ಪಟ್ಟಿಯಲ್ಲಿ ಹೆಸರು ಕಾಣದೆ ಪಾಸ್‌ಪೋರ್ಟ್ ಕೈಗೆ ಕೊಡಬೇಡಿ. ಮನೆ ನೋಡಿಕೊಂಡು ಬರಲು ಅಮೆರಿಕಕ್ಕೆ ಹೋಗುವವರಿದ್ದರೆ, ಅಲ್ಲಿನ ಟ್ಯಾಕ್ಸ್‌ಪೇಯರ್ ಅಸಿಸ್ಟೆನ್ಸ್ ಸೆಂಟರ್‌ನಲ್ಲಿ ಮೊದಲೇ ಸಮಯ ಪಡೆದು ಪಾಸ್‌ಪೋರ್ಟ್ ತೋರಿಸಿ ಬರಬಹುದು. ಮೂಲ ಪಾಸ್‌ಪೋರ್ಟನ್ನು ಕೊರಿಯರ್‌ನಲ್ಲಿ ಕಳಿಸುವುದು ಕೊನೆಯ ದಾರಿ. ಅದು ಕೈಯಲ್ಲಿಲ್ಲದ ಎರಡು ಮೂರು ತಿಂಗಳಲ್ಲಿ ಪ್ರಯಾಣ ಒದಗಿದರೆ ಏನೂ ಮಾಡಲಾಗುವುದಿಲ್ಲ.

ಲಕೋಟೆ

ಡಬ್ಲ್ಯೂ-7 ಮೇಲೆ, ಅದರ ಕೆಳಗೆ ರಿಟರ್ನ್, ಕೊನೆಗೆ ದಾಖಲೆಗಳು. ಈ ರಿಟರ್ನ್ ಅನ್ನು ಮಾಮೂಲಿ ವಿಳಾಸಕ್ಕೆ ಇನ್ನೊಂದು ಪ್ರತಿಯಾಗಿ ಕಳಿಸಬಾರದು. ಅಂಚೆ ಇಲಾಖೆಯ ಮೂಲಕವಾದರೆ: ಇಂಟರ್ನಲ್ ರೆವಿನ್ಯೂ ಸರ್ವಿಸ್, ಐಟಿಐಎನ್ ಆಪರೇಷನ್, ಪಿ.ಒ. ಬಾಕ್ಸ್ 149342, ಆಸ್ಟಿನ್, ಟೆಕ್ಸಸ್ 78714-9342. ಖಾಸಗಿ ಕೊರಿಯರ್ ಆದರೆ ಪಿ.ಒ. ಬಾಕ್ಸ್‌ಗೆ ಮುಟ್ಟಿಸುವುದಿಲ್ಲ, ಆಗ ಮೇಲ್ ಸ್ಟಾಪ್ 6090-ಎಯುಎಸ್‌ಸಿ, 3651 ಸೌತ್ ಇಂಟರ್‌ರೀಜನಲ್, ಹೈವೇ 35, ಆಸ್ಟಿನ್, ಟೆಕ್ಸಸ್ 78741. ಕಳಿಸುವ ಮುನ್ನ ಪ್ರತಿ ಹಾಳೆಯ ಪ್ರತಿ ತೆಗೆದಿಟ್ಟುಕೊಳ್ಳಿ, ರಸೀದಿ ಅದಕ್ಕೇ ಪಿನ್ ಮಾಡಿ.

ಹೊರದೇಶದಿಂದ ಹೋದ ಅರ್ಜಿಗೆ 9ರಿಂದ 11 ವಾರ. ಒಪ್ಪಿಗೆಯಾದರೆ ಸಿಪಿ565 ಪತ್ರ ಬರುತ್ತದೆ. ಸಿಪಿ567 ಎಂದರೆ ತಿರಸ್ಕಾರ. ಎಚ್ಚರ ಬೇಕಾದದ್ದು ಸಿಪಿ566ಕ್ಕೆ: ಇನ್ನಷ್ಟು ಮಾಹಿತಿ ಬೇಕು, 45 ದಿನದೊಳಗೆ ಕೊಡಿ ಎಂಬ ಪತ್ರ ಅದು. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲೇ ಎರಡು ಮೂರು ವಾರ ಹೋಗಿರುತ್ತದೆ, ಹಾಗಾಗಿ ಬಂದ ದಿನವೇ ಉತ್ತರ ಬರೆಯಲು ಕೂರಬೇಕು. 11 ವಾರ ಕಳೆದರೂ ಏನೂ ಬಾರದಿದ್ದರೆ ಹೊರದೇಶದವರಿಗಾಗಿ ಇರುವ ಐಆರ್‌ಎಸ್ ನಂಬರ್ +1-267-941-1000ಕ್ಕೆ ಕರೆ ಮಾಡಿ. ಉಚಿತ ಕರೆಯಲ್ಲ, ನಮ್ಮ ಸಂಜೆ ಹೊತ್ತಿಗೆ ಅವರ ಬೆಳಗು.

ಬಾಡಿಗೆ ಪ್ಲಾಟ್‌ಫಾರ್ಮಿನ ಕಾಗದ

ನಿವ್ವಳ ಲೆಕ್ಕ ಆಯ್ದುಕೊಂಡವರು ಏರ್‌ಬಿಎನ್‌ಬಿಯಂಥ ಕಡೆ ಕೊಡಬೇಕಾದದ್ದು ಫಾರ್ಮ್ ಡಬ್ಲ್ಯೂ-8ಇಸಿಐ, ಐಟಿನ್ ಸಮೇತ. ಅದಿಲ್ಲದಿದ್ದರೆ ಅವರು ಬಾಡಿಗೆಯಿಂದಲೇ ಶೇ. 30 ಹಿಡಿದುಕೊಳ್ಳುತ್ತಾರೆ. ಹಿಡಿದದ್ದು 1042-ಎಸ್ ಪತ್ರದಲ್ಲಿ ಬರುತ್ತದೆ, ರಿಟರ್ನ್‌ನಲ್ಲಿ ತೋರಿಸಿ ಮರಳಿ ಪಡೆಯಬಹುದು, ಆದರೆ ಅಷ್ಟು ದಿನ ದುಡ್ಡು ಅಲ್ಲೇ.

ಈ ಫಾರ್ಮಿಗೂ ಮೂರು ವರ್ಷದ ಗಡಿಯಾರ ಇದೆ, ಹಲವರು ಇದನ್ನೂ ಐಟಿನ್ ಅವಧಿಯನ್ನೂ ಒಂದೇ ಎಂದುಕೊಳ್ಳುತ್ತಾರೆ. ಸಹಿ ಮಾಡಿದ ವರ್ಷ ಬಿಟ್ಟು ಮುಂದಿನ ಮೂರನೆಯ ವರ್ಷದ ಕೊನೆಯವರೆಗೆ ಇದು ಊರ್ಜಿತ: 2025ರಲ್ಲಿ ಸಹಿ ಮಾಡಿದ್ದು 2028ರ ಡಿಸೆಂಬರ್ 31ರವರೆಗೆ. ರಿಟರ್ನ್ ಹಾಕಿದರೆ ಇದು ತಾನಾಗಿ ಮುಂದುವರಿಯುವುದಿಲ್ಲ, ಹೊಸದಾಗಿ ಸಹಿ ಮಾಡಬೇಕು. ಸಿಪಿ565 ಕೈಗೆ ಬಂದ ದಿನವೇ ಪ್ಲಾಟ್‌ಫಾರ್ಮಿನ ತೆರಿಗೆ ಪುಟ ತೆರೆದು, ಅಲ್ಲಿನ ಹೆಸರನ್ನು ಪತ್ರದ ಹೆಸರಿನೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ, ಫಾರ್ಮ್ ಹೊಸದಾಗಿ ಕೊಡಿ.

ಇಲ್ಲಿನ ರಿಟರ್ನ್ ಮರೆಯಬಾರದು. ನೀವು ಭಾರತದ ಪೂರ್ಣ ನಿವಾಸಿಯಾಗಿದ್ದರೆ ಆ ಮನೆ ಇಲ್ಲಿನ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ತೋರಿಸುವ ಶೆಡ್ಯೂಲ್ ಎಫ್‌ಎಯಲ್ಲಿ ಇರಬೇಕು, ಬಾಡಿಗೆ ಇಲ್ಲಿಯೂ ಆದಾಯ. ಅಮೆರಿಕದಲ್ಲಿ ಸೊನ್ನೆ ತೆರಿಗೆ ಬಂದಿದ್ದರೂ ಇಲ್ಲಿ ಸೊನ್ನೆ ಬರಬೇಕೆಂದಿಲ್ಲ, ಅಲ್ಲಿನ ಸವಕಳಿ ಇಲ್ಲಿನ ಬಾಡಿಗೆ ಲೆಕ್ಕದಲ್ಲಿ ಇಲ್ಲ. ಅಲ್ಲಿನ 1040-ಎನ್‌ಆರ್ ಪ್ರತಿಯನ್ನು ನಿಮ್ಮ ಊರಿನ ಆಡಿಟರ್‌ಗೆ ಜುಲೈಗೆ ಮೊದಲೇ ಕೊಟ್ಟಿಡಿ.