ಎರಡು ಕಿಕ್‌ಗಳ ನಡುವೆ ಏನಿದೆ?

ಒಂದು ಕಾಲಕ್ಕೆ ನನ್ನ ಹಾರ್ಡ್‌ಡಿಸ್ಕ್‌ನಲ್ಲಿ ‘ಟೆಕ್ನೋ’ ಅಂತ ಒಂದೇ ಒಂದು ಫೋಲ್ಡರ್ ಇತ್ತು. ಧಬ್ ಧಬ್ ಅನ್ನುವ ಎಲೆಕ್ಟ್ರಾನಿಕ್ ಡಾನ್ಸ್ ಸಂಗೀತವೆಲ್ಲ ಅದರೊಳಗೆ. ಅದರಲ್ಲೇ ಹೌಸ್, ಟ್ರಾನ್ಸ್, ಡಬ್‌ಸ್ಟೆಪ್ ಅಂತ ಜಾತಿ ಮಾಡಿ ಜನ ಜಗಳ ಆಡುವುದನ್ನು ನೋಡಿ, ಸುಮ್ನೆ ಹೆಸರಿಗೋಸ್ಕರ ಹೊಡೆದಾಡ್ತಾರೆ ಅಂದುಕೊಂಡಿದ್ದೆ.

ಆಮೇಲೆ ಮನೆಯಲ್ಲೇ ಟ್ರ್ಯಾಕ್ ಮಿಕ್ಸ್ ಮಾಡುವ, ಅಂದರೆ ಒಂದರ ಬೀಟಿಗೆ ಇನ್ನೊಂದನ್ನು ಕೂರಿಸಿ ಬೆಸೆಯುವ ಹುಚ್ಚು ಹಿಡಿಯಿತು. ಸಾಫ್ಟ್‌ವೇರ್ ಪ್ರತಿ ಟ್ರ್ಯಾಕಿನ ಬಿಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಬೀಟ್ ಅಂತ ತೋರಿಸುತ್ತದಲ್ಲ, ಅದನ್ನೇ ನಂಬಿ ಎಲ್ಲವನ್ನೂ ವಿಂಗಡಿಸಿದೆ. ಒಬ್ಬ ಗೆಳೆಯನ ಪಾರ್ಟಿಯಲ್ಲಿ ಹಾಡು ಹಾಕುವ ಕೆಲಸ ಸಿಕ್ಕಿತು. 140ರ ಟೆಕ್ನೋ ಓಡುತ್ತಿತ್ತು, ಎಲ್ಲರೂ ಕುಣಿಯುತ್ತಿದ್ದರು. ಅದರ ಮೇಲೆ ಇನ್ನೊಂದು 140ರ ಟ್ರ್ಯಾಕ್ ತಂದೆ. ಬೀಟ್‌ಗಳು ಕರಾರುವಾಕ್ಕಾಗಿ ಕೂತವು. ಆದರೆ ಕುಣಿಯುತ್ತಿದ್ದವರೆಲ್ಲ ಗಕ್ಕನೆ ನಿಂತುಬಿಟ್ಟರು. “ಯಾಕೋ ಸ್ಲೋ ಮಾಡ್ದೆ?” ಅಂದ ಗೆಳೆಯ. ನಾನು ಏನೂ ಸ್ಲೋ ಮಾಡಿರಲಿಲ್ಲ. ಪರದೆಯ ಮೇಲೆ 140 ಅಂತಲೇ ಇತ್ತು.

ಎರಡನೆಯದು ಡಬ್‌ಸ್ಟೆಪ್. ಟೆಕ್ನೋದಲ್ಲಿ ನಾಲ್ಕು ಬೀಟಿಗೆ ನಾಲ್ಕು ಕಿಕ್, ಅಂದರೆ ದೊಡ್ಡ ಡ್ರಮ್ಮಿನ ‘ಧಬ್’. ‘ಟಪ್’ ಅನ್ನುವ ಸ್ನೇರ್ ಡ್ರಮ್ ಸಾಮಾನ್ಯವಾಗಿ ನಾಲ್ಕು ಬೀಟಿನಲ್ಲಿ ಎರಡು ಸಲ ಬೀಳುತ್ತದೆ. ಡಬ್‌ಸ್ಟೆಪ್‌ನಲ್ಲಿ ಅದು ಬೀಳುವುದು ಮೂರನೇ ಬೀಟಿಗೆ, ನಾಲ್ಕರಲ್ಲಿ ಒಂದೇ ಸಲ. ಹಾಗಾಗಿ ಮೀಟರ್ 140 ಅಂದರೂ ಮೈಗೆ ಅದು 70. ಕಾಲಿಗೆ ಗೊತ್ತಾದದ್ದು ನನ್ನ ಕಿವಿಗೆ ಗೊತ್ತಾಗಿರಲಿಲ್ಲ, ಅಷ್ಟೇ.

ಮರುದಿನ ಎಲ್ಲ ಫೋಲ್ಡರ್ ಅಳಿಸಿ ಮೊದಲಿಂದ ಕೇಳಲು ಕೂತೆ. ಈ ಸಲ ಮೀಟರ್ ಮುಚ್ಚಿಟ್ಟು, ಗಡಿಯಾರ ಹಿಡಿದು, ತೊಡೆ ತಟ್ಟಿ 15 ಸೆಕೆಂಡು ಎಣಿಸುತ್ತಿದ್ದೆ. ಅದನ್ನು ನಾಲ್ಕರಿಂದ ಗುಣಿಸಿದರೆ ಬಿಪಿಎಂ. 31 ಅಥವಾ 32 ಬಂದರೆ ಹೌಸ್ ಇರಬಹುದು. 36ರ ಆಸುಪಾಸು ಬಂದರೆ ಟ್ರಾನ್ಸ್‌ನ ಕವಲಾದ ಸೈಟ್ರಾನ್ಸ್ ಅಥವಾ ಜೋರಿನ ಟೆಕ್ನೋ. 43 ಅಥವಾ 44 ಬಂದರೆ ಡ್ರಮ್ ಆಂಡ್ ಬೇಸ್ ಅನ್ನುವ ಜಾತಿ. ಮೀಟರ್ ಇದನ್ನು ಎಷ್ಟೋ ಸಲ 87 ಅಂತ ಅರ್ಧ ಮಾಡಿ ತೋರಿಸುತ್ತದೆ, ನಿಜವಾಗಿ 174. ಎಣಿಕೆ ಬಾಗಿಲವರೆಗೆ ತಂದು ಬಿಡುತ್ತದೆ. ಒಳಗೆ ಏನಿದೆ ಅಂತ ಹೇಳುವುದಿಲ್ಲ. ಅದಕ್ಕೆ ಎರಡು ಕಿಕ್‌ಗಳ ನಡುವಿನ ಜಾಗ ಕೇಳಬೇಕು.

ಇದು ನನಗೆ ಹೊಳೆದದ್ದು ಸೈಟ್ರಾನ್ಸ್ ಕೇಳುವಾಗ. ಒಂದು ಬೀಟನ್ನು ‘ತಕಧಿಮಿ’ ಅಂತ ನಾಲ್ಕಾಗಿ ಒಡೆದುಕೊಳ್ಳಿ. ‘ತ’ ಮೇಲೆ ಕಿಕ್. ‘ಕ’, ‘ಧಿ’, ‘ಮಿ’ ಮೂರರ ಮೇಲೂ ಬೇಸ್, ಅಂದರೆ ತಗ್ಗಿನ ಸ್ವರ. ಧಬ್-ಡುಗುಡು, ಧಬ್-ಡುಗುಡು ಅಂತ ಕುದುರೆ ಓಡಿದ ಹಾಗೆ. 1990ರ ದಶಕದಲ್ಲಿ ಗೋವಾದ ಕಡಲತೀರದ ಪಾರ್ಟಿಗಳಿಂದ ಬೆಳೆದ ಸಂಗೀತ ಇದು. ಮಾಮೂಲಿ ಟ್ರಾನ್ಸ್‌ನಲ್ಲಿ ಬಹಳ ಸಲ ಬೇಸ್ ‘ಧಿ’ ಮೇಲೆ ಮಾತ್ರ ಎದ್ದು ಕೇಳುತ್ತದೆ, ಧಬ್-ಡುಂ, ಧಬ್-ಡುಂ. ಮೇಲುಗಡೆ ಯಾವ ಸಿಂತಸೈಜರ್ ಏನು ಬೇಕಾದರೂ ಮಾಡಲಿ, ಇಷ್ಟು ಸಿಕ್ಕರೆ ಎರಡೂ ಬೇರೆಯಾಗುತ್ತವೆ.

ಮೇಲುಗಡೆಯ ಸದ್ದು ನಂಬಿ ಕೆಟ್ಟದ್ದೂ ಉಂಟು. ‘ಆಸಿಡ್’ ಅಂತ ಒಂದು ಫೋಲ್ಡರ್ ಮಾಡಿದ್ದೆ. ಆ ಕುಂಯ್‌ಗುಟ್ಟುವ, ತಿರುಚಿಕೊಳ್ಳುವ ಸದ್ದು ಎಲ್ಲಿ ಕೇಳಿದರೂ ಅಲ್ಲಿಗೆ. ಅದು ರೋಲ್ಯಾಂಡ್ ಟಿಬಿ-303 ಎಂಬ ಪುಟ್ಟ ಯಂತ್ರದ ಸದ್ದು. ಬೇಸ್ ಗಿಟಾರ್ ನುಡಿಸುವವರು ಇಲ್ಲದಾಗ ಬಳಸಲಿ ಅಂತ ಮಾಡಿದ್ದರು. ಹೆಚ್ಚು ಜನ ಕೊಳ್ಳದೆ 1984ಕ್ಕೆಲ್ಲ ನಿಂತೇ ಹೋಯಿತು. ಆಮೇಲೆ ಷಿಕಾಗೋದ ಹುಡುಗರು ಅದರ ಗುಂಡಿಗಳನ್ನು ಬೇಕಾದ ಹಾಗೆ ತಿರುಗಿಸಿದರು. ಫ್ಯೂಚರ್ ತಂಡದ ‘ಆಸಿಡ್ ಟ್ರ್ಯಾಕ್ಸ್’ 1987ರಲ್ಲಿ ಬಂತು. ಅಲ್ಲಿಂದ ಆ ಸದ್ದು ಹೌಸ್‌ಗೂ ಹೋಯಿತು, ಟೆಕ್ನೋಗೂ, ಟ್ರಾನ್ಸ್‌ಗೂ. ನನ್ನ ಫೋಲ್ಡರ್‌ನಲ್ಲಿ ಮೂರು ಜಾತಿ ಒಟ್ಟಿಗೆ ಕೂತಿದ್ದವು. ವಾದ್ಯ ಒಂದೇ ಅಂದಮಾತ್ರಕ್ಕೆ ಹಾಡಿನ ಜಾತಿ ಒಂದೇ ಆಗಬೇಕಿಲ್ಲ ಅಲ್ವಾ?

ಎಲ್ಲಕ್ಕಿಂತ ಜಾಸ್ತಿ ಸತಾಯಿಸಿದ್ದು ಹೌಸ್ ಮತ್ತು ಟೆಕ್ನೋ. ಎರಡರಲ್ಲೂ ಕಿಕ್ ನೇರ, ನಾಲ್ಕಕ್ಕೆ ನಾಲ್ಕು. ಎರಡರಲ್ಲೂ ಕಿಕ್‌ಗಳ ನಟ್ಟನಡುವೆ ‘ತ್ಸ್’ ಅನ್ನುವ ಹೈ-ಹ್ಯಾಟ್ ಎಂಬ ಜೋಡಿ ತಾಳ. 1983ರ ರೋಲ್ಯಾಂಡ್ ಟಿಆರ್-909 ಡ್ರಮ್ ಯಂತ್ರದ ಸದ್ದು ಎರಡರಲ್ಲೂ ಬರುತ್ತದೆ. ತಿಂಗಳುಗಟ್ಟಲೆ ಒದ್ದಾಡಿ ಕೊನೆಗೆ ಒಂದು ಉಪಾಯ ಮಾಡಿದೆ. ಮಿಕ್ಸರ್‌ನಲ್ಲಿ ಹೈ ಮತ್ತು ಮಿಡ್ ಗುಂಡಿಗಳನ್ನು ಪೂರ್ತಿ ಇಳಿಸಿ, ಬರೀ ಲೋ, ಅಂದರೆ ತಗ್ಗಿನ ಸದ್ದು ಉಳಿಸಿ ಕೇಳುವುದು. ಆಮೇಲೆ ಟ್ರ್ಯಾಕ್ ನಿಲ್ಲಿಸಿ, ಬೇಸನ್ನು ಬಾಯಲ್ಲಿ ಗುನುಗಲು ನೋಡುವುದು. ಗುನುಗಲು ಬಂದರೆ ಬಹುಪಾಲು ಹೌಸ್. ಅದು ಡಿಸ್ಕೋದ ಮಗು, ಹಾಡುವ ಬೇಸ್ ಅದಕ್ಕೆ ಮನೆತನದಿಂದ ಬಂದದ್ದು. ಗುನುಗಲು ಏನೂ ಸಿಗದೆ ದೂರದ ಗುಡುಗಿನ ಹಾಗೆ ಗುರ್ರ್ ಅಂತ ಮಾತ್ರ ಉಳಿದರೆ ಟೆಕ್ನೋ. ಈಗಿನ ಟೆಕ್ನೋದಲ್ಲಿ ಎಷ್ಟೋ ಸಲ ಬೇಸ್ ಅಂತ ಬೇರೆ ಇರುವುದೇ ಇಲ್ಲ. ಕಿಕ್‌ನ ಪ್ರತಿಧ್ವನಿಯನ್ನೇ ಎಳೆದು, ಕಿಕ್‌ಗಳ ನಡುವೆ ತುಂಬಿರುತ್ತಾರೆ.

ಈ ಪರೀಕ್ಷೆ ಕೈಕೊಡುವ ಜಾಗ ಉಂಟು. ಡೆಟ್ರಾಯಿಟ್‌ನ ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಕಾಲದ ಟೆಕ್ನೋ ಕೇಳಿದರೆ ಸ್ವರಗಳು ತುಂಬಿ ತುಳುಕುತ್ತವೆ, ಆರಾಮಾಗಿ ಗುನುಗಬಹುದು. ಅಲ್ಲಿ ನಾನು ಮೇಲುಗಡೆ ಏನು ಕೂತಿದೆ ನೋಡುತ್ತೇನೆ. ಚರ್ಚಿನ ಹಾಡಿನ ಥರದ ದನಿ, ಪಿಯಾನೋ, ಎರಡು-ನಾಲ್ಕನೇ ಬೀಟಿಗೆ ಚಪ್ಪಾಳೆ ಇದ್ದರೆ ಷಿಕಾಗೋ ಕಡೆ, ಅಂದರೆ ಹೌಸ್. ಮನುಷ್ಯರ ದನಿ ಕಡಿಮೆಯಾಗಿ ಯಂತ್ರದ ಕನಸಿನ ಹಾಗೆ ಕೇಳಿದರೆ ಡೆಟ್ರಾಯಿಟ್ ಕಡೆ, ಅಂದರೆ ಟೆಕ್ನೋ. ಇನ್ನು ಟೆಕ್‌ಹೌಸ್ ಅಂತ ಹೆಸರೇ ಇರುವವರ ಹತ್ತಿರ ಜಗಳ ಆಡಿ ಫಲವಿಲ್ಲ.

ಜಂಗಲ್ ಮತ್ತು ಅದರಿಂದ ಬೆಳೆದ ಡ್ರಮ್ ಆಂಡ್ ಬೇಸ್ ಬೇರೆ ಮಾಡುವುದು ಇದಕ್ಕಿಂತ ಸುಲಭ. ಡ್ರಮ್ ಕೊಚ್ಚಿ ಹರಡಿದ ಹಾಗಿದ್ದು, ಮುಂದಿನ ಪೆಟ್ಟು ಎಲ್ಲಿ ಅಂತ ಊಹಿಸಲು ಆಗದಿದ್ದರೆ ಜಂಗಲ್. ಹಾಗೆ ಕೊಚ್ಚುವುದಕ್ಕೆ ಎಲ್ಲರೂ ಕೈ ಹಾಕಿದ್ದು ವಿನ್‌ಸ್ಟನ್ಸ್ ತಂಡದ 1969ರ ಒಂದು ಹಾಡಿನಲ್ಲಿ ಬರುವ ಸುಮಾರು ಏಳು ಸೆಕೆಂಡಿನ ಡ್ರಮ್ ತುಣುಕಿಗೆ. ಅದನ್ನು ಒಮ್ಮೆ ಗುರುತಿಟ್ಟುಕೊಂಡರೆ ಆಮೇಲೆ ಎಲ್ಲೆಲ್ಲೂ ಅದೇ ಕೇಳುತ್ತದೆ. ಸ್ವಲ್ಪ ಹಿಂಸೆಯೇ. ಕಿಕ್-ಸ್ನೇರ್ ಒಂದೇ ವರಸೆಯಲ್ಲಿ ಸಾಫಾಗಿ ಓಡುತ್ತಿದ್ದರೆ ಡ್ರಮ್ ಆಂಡ್ ಬೇಸ್.

ಹೆಸರುಗಳೂ ಒಂದೇ ಕಡೆ ನಿಲ್ಲುವುದಿಲ್ಲ. ‘ಪ್ರೋಗ್ರೆಸಿವ್ ಹೌಸ್’ ಅಂದರೆ 1990ರ ದಶಕದಲ್ಲಿ ಸಾಷಾ, ಜಾನ್ ಡಿಗ್‌ವೀಡ್ ಥರದ ಡಿಜೆಗಳು ನುಡಿಸುತ್ತಿದ್ದ, ನಿಧಾನಕ್ಕೆ ಏರುವ ಉದ್ದನೆಯ ಟ್ರ್ಯಾಕ್‌ಗಳು. 2010ರ ಸುಮಾರಿಗೆ ಅದೇ ಹೆಸರನ್ನು ದೊಡ್ಡ ಉತ್ಸವಗಳಲ್ಲಿ ಕೈ ಎತ್ತಿ ಹಾಡುವ ಜೋರು ಟ್ರ್ಯಾಕ್‌ಗಳಿಗೂ ಅಂಟಿಸಿದರು. ನಾನು ಈ ಚೀಟಿಗಳನ್ನು ನಂಬಿ ಒಮ್ಮೆ ಒಂದು ಕಟ್ಟು ಟ್ರ್ಯಾಕ್ ಕೊಂಡು, ಅರ್ಧಕ್ಕರ್ಧ ಮೂಲೆಗೆ ಹಾಕಿದ್ದೇನೆ.

ಈಗ ನನ್ನ ಪಟ್ಟಿಯಲ್ಲಿ ಹೆಸರಿನ ಪಕ್ಕ ‘124, ಕಿಕ್ ನೇರ, ಬೇಸ್ ಹಾಡುತ್ತದೆ’ ಅಂತ ಬರೆದುಕೊಳ್ಳುತ್ತೇನೆ. ಮಿಕ್ಸ್ ಮಾಡುವಾಗ ಕೆಲಸಕ್ಕೆ ಬರುವುದು ಅದೇ. ‘ಗೊತ್ತಿಲ್ಲ’ ಅಂತ ಒಂದು ಫೋಲ್ಡರ್ ಕೂಡ ಇದೆ. ಅದರಲ್ಲಿ ಒಂದು ಟ್ರ್ಯಾಕ್ ಅರ್ಧದವರೆಗೆ ಮೂರನೇ ಬೀಟಿಗೆ ಸ್ನೇರ್ ಹೊಡೆದು, ಆಮೇಲೆ ಇದ್ದಕ್ಕಿದ್ದಂತೆ ನೇರ ಕಿಕ್‌ಗೆ ತಿರುಗುತ್ತದೆ. ಮುಂದಿನ ಸಲ ಗೆಳೆಯ ಕರೆದಾಗ ಮೊದಲು ಹಾಕಬೇಕು ಅಂದುಕೊಂಡಿರುವುದು ಅದನ್ನೇ.